ಆಷಾಢದ ಗಾಳಿಗೆ ಎದುರಾಗಿ

ಸೈಕಲ್ ಪ್ರವಾಸ ಎಂದಕೂಡಲೇ ಎಲ್ಲರೂ ಘಟ್ಟದ ಬಗ್ಗೆ ಕೇಳುತ್ತಾರೆ. ಆಗುಂಬೆ ಹತ್ತಿದ್ದೀರಾ, ಚಾರ್ಮಾಡಿ ಹತ್ತಿದ್ದೀರಾ, ಕಾಲು ನೋಯುವುದಿಲ್ಲವೇ? ನೋಯುತ್ತದೆ. ಆದರೆ ಘಟ್ಟ ಪ್ರಾಮಾಣಿಕ. ಅದಕ್ಕೊಂದು ತುದಿ ಇರುತ್ತದೆ, ಏರಿದಷ್ಟನ್ನು ಇಳಿಜಾರಿನಲ್ಲಿ ಮರಳಿ ಕೊಡುತ್ತದೆ. ಎದುರುಗಾಳಿ ಏನನ್ನೂ ಮರಳಿ ಕೊಡುವುದಿಲ್ಲ. ಅದಕ್ಕೆ ತುದಿಯೂ ಇಲ್ಲ, ತಿರುವೂ ಇಲ್ಲ. ಇಷ್ಟು ವರ್ಷ ಸೈಕಲ್ ತುಳಿದ ಮೇಲೂ ನಾನು ನಿಜವಾಗಿ ಹೆದರುವುದು ಜುಲೈ ತಿಂಗಳ ಉತ್ತರ ಕರ್ನಾಟಕದ ಸಪಾಟು ರಸ್ತೆಗೆ. ಆ ಹೆದರಿಕೆ ಶುರುವಾದದ್ದು ಕೊಪ್ಪಳದಿಂದ ಗದಗಿನ ಮಾರ್ಗವಾಗಿ ಹುಬ್ಬಳ್ಳಿಗೆ ಹೊರಟ ದಿನ.

ರಾಯಚೂರಿನಿಂದ ಕಾರವಾರಕ್ಕೆ, ಅಂದರೆ ರಾಜ್ಯವನ್ನು ಮೂಡಣದಿಂದ ಪಡುವಣಕ್ಕೆ ಅಡ್ಡಲಾಗಿ, ಒಬ್ಬನೇ ದಾಟುವುದು ನನ್ನ ಯೋಜನೆಯಾಗಿತ್ತು. ಆಷಾಢವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಗದಗಿನ ಹೊತ್ತಿಗೆ 600ರ ಆಸುಪಾಸಿಗೆ ಇಳಿದಿರುತ್ತದೆ. ನಡುವೆ ಇರುವುದು ಬಸ್ಸಿನಲ್ಲಿ ಅರ್ಧ ದಿನದ ದಾರಿ ಅಷ್ಟೇ. ಒಣನೆಲದಿಂದ ಹೊರಟು ಹಸಿರು ಹೆಚ್ಚುತ್ತಾ ಹೋಗುವುದನ್ನು, ಮೊದಲ ಸೋನೆ ಎಲ್ಲಿ ಶುರುವಾಗುತ್ತದೆ, ಜಡಿಮಳೆ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸೈಕಲ್ ವೇಗದಲ್ಲಿ ನೋಡಬೇಕೆಂಬ ಆಸೆ. ಆ ಮಳೆಯನ್ನು ಹೊತ್ತು ತರುವ ಗಾಳಿಯೂ ಅದೇ ದಾರಿಯಲ್ಲಿ, ನನಗೆ ಎದುರಾಗಿ ಬರುತ್ತದೆ. ಪುಸ್ತಕದಲ್ಲಿ ಓದಿದ್ದಾಗ ಅದು ಬರೀ ಮಾಹಿತಿಯಾಗಿತ್ತು.

ಕೊಪ್ಪಳದಿಂದ ಹುಬ್ಬಳ್ಳಿಗೆ ಸುಮಾರು 115 ಕಿಲೋಮೀಟರ್. ಹಿಂದಿನ ಚಕ್ರದ ಎರಡೂ ಬದಿಗೆ ಚೀಲ, ಒಟ್ಟು ಹದಿನಾಲ್ಕು ಕೆ.ಜಿ. ಸಾಮಾನು. ಬೆಳಕು ಹರಿಯುವ ಮೊದಲೇ ಹೊರಟೆ. ಆ ಹೊತ್ತಿನಲ್ಲಿ ಗಾಳಿ ಇದ್ದೂ ಇಲ್ಲದಂತೆ ಇತ್ತು. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯ ಪದರ ನಿಶ್ಚಲವಾಗುತ್ತದೆ, ಮೇಲಿನ ಜೋರುಗಾಳಿ ಅದರ ಮೇಲೆಯೇ ಜಾರಿಹೋಗುತ್ತದೆ. ಬಿಸಿಲೇರಿ ನೆಲ ಕಾದಮೇಲೆ ಗಾಳಿ ಮೇಲೆ ಕೆಳಗೆ ಕಲಸಿಕೊಳ್ಳುತ್ತದೆ, ಮೇಲಿನ ಜೋರು ನೆಲಕ್ಕೆ ಇಳಿಯುತ್ತದೆ. ಈ ಸೀಮೆಯ ಸೈಕಲ್ ಸವಾರರು ಬೆಳಗಿನ ನಾಲ್ಕೂವರೆಗೆ ಏಳುವುದು ಶಿಸ್ತಿನಿಂದಲ್ಲ, ಇದೇ ಕಾರಣಕ್ಕೆ.

ಭಾನಾಪುರದವರೆಗೆ ಎಲ್ಲವೂ ಸರಿಯಾಗಿತ್ತು. ಹದಿನೆಂಟರ ವೇಗ, ಪಕ್ಕದಲ್ಲಿ ಹುಬ್ಬಳ್ಳಿಯ ಕಡೆಗೇ ಹೋಗುವ ರೈಲು ಹಳಿ, ಹೊಲಗಳಲ್ಲಿ ಗೇಣುದ್ದ ಬೆಳೆದ ಹೆಸರು ಮತ್ತು ಮೆಕ್ಕೆಜೋಳ. ಚಹಾ ಅಂಗಡಿಯಲ್ಲಿ ಕುಳಿತು, ಮಧ್ಯಾಹ್ನ ಎರಡಕ್ಕೆ ಹುಬ್ಬಳ್ಳಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಳಕಲ್ ದಾಟುವಾಗ ಎಡಗಿವಿಯಲ್ಲಿ ಒಂದು ಸದ್ದು ಶುರುವಾಯಿತು. ಮೊದಲು ಸೈಕಲ್ಲಿನದೇ ಏನೋ ಸಡಿಲವಾಗಿದೆ ಎಂದುಕೊಂಡು ಬಗ್ಗಿ ನೋಡಿದೆ. ಸೈಕಲ್ ಸರಿಯಾಗಿತ್ತು. ಬಂದದ್ದು ಗಾಳಿ.

ಅರ್ಧ ಗಂಟೆಯಲ್ಲಿ ವೇಗ ಹದಿನೆಂಟರಿಂದ ಹದಿಮೂರಕ್ಕೆ, ಅಲ್ಲಿಂದ ಹತ್ತಕ್ಕೆ ಇಳಿಯಿತು. ಇದರ ಗಣಿತ ನಿರ್ದಯವಾದದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಮತ್ತು ಇಲ್ಲಿ ವೇಗವೆಂದರೆ ನನ್ನ ವೇಗ ಒಂದೇ ಅಲ್ಲ, ನನ್ನದೂ ಗಾಳಿಯದೂ ಸೇರಿದ್ದು. ನಿಂತ ಗಾಳಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಓಡಿಸಲು ನೂರು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಶಕ್ತಿ ಸಾಕು. ಎದುರಿನಿಂದ ಗಂಟೆಗೆ 25 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಅದೇ ಶಕ್ತಿಗೆ ಸಿಗುವ ವೇಗ ಹತ್ತರ ಒಳಗೆ. ಬೆವರು, ಉಸಿರು, ತೊಡೆಯ ಉರಿ ಎಲ್ಲವೂ ಇಪ್ಪತ್ತರ ಸವಾರಿಯದ್ದೇ, ಸಾಗಿದ ದೂರ ಮಾತ್ರ ಅರ್ಧ. ಜೋರಾಗಿ ತುಳಿದರೆ ದಂಡ ಇನ್ನೂ ಹೆಚ್ಚು. ಆದ್ದರಿಂದ ಬಲ್ಲವರು ಗೇರ್ ಇಳಿಸಿ, ಮೊಣಕೈ ಮಡಿಸಿ, ಎದೆಯನ್ನು ಹ್ಯಾಂಡಲ್ಲಿನ ಹತ್ತಿರಕ್ಕೆ ತಂದು, ಸಣ್ಣದಾಗಿ ತಮ್ಮಷ್ಟಕ್ಕೆ ತುಳಿಯುತ್ತಾರೆ. ಹಾಗೆ ಬಗ್ಗಿ ಕುಳಿತರೆ ಅರ್ಧ ಗಂಟೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಎದ್ದು ಕುಳಿತರೆ ಎದೆಯೇ ಹಾಯಿಪಟ.

ರಸ್ತೆಯ ಎರಡೂ ಕಡೆ, ದೂರದ ದಿಬ್ಬಗಳ ಮೇಲೂ ಹತ್ತಿರದ ಹೊಲಗಳ ನಡುವೆಯೂ ಗಾಳಿಯಂತ್ರಗಳು. ಕೊಪ್ಪಳ, ಗದಗ ಜಿಲ್ಲೆಗಳಲ್ಲಿ ಇವು ಸುಮ್ಮನೆ ಬಂದು ನಿಂತಿಲ್ಲ. ಅರಬ್ಬೀ ಸಮುದ್ರದ ಮೇಲೆ ಹಾದುಬರುವ ಮುಂಗಾರು ಗಾಳಿ ಘಟ್ಟದಲ್ಲಿ ನೀರು ಕಳೆದುಕೊಂಡರೂ ವೇಗವನ್ನು ಉಳಿಸಿಕೊಂಡು ಈ ಬಯಲಿಗೆ ಇಳಿಯುತ್ತದೆ. ವಿದ್ಯುತ್ ಉತ್ಪಾದಿಸುವವರಿಗೆ ಬೇಕಾದದ್ದೂ ಅದೇ. ಗಾಳಿ ಎತ್ತ ಬೀಸುತ್ತದೋ ಅತ್ತ ಮುಖ ತಿರುಗಿಸಿ ನಿಲ್ಲುವುದು ಈ ಯಂತ್ರಗಳ ಸ್ವಭಾವ. ಪಶ್ಚಿಮಕ್ಕೆ ಹೋಗುತ್ತಿದ್ದ ನನಗೆ ಕಂಡದ್ದು ಎಲ್ಲವುಗಳ ಬೆನ್ನು. ನೂರಾರು ಯಂತ್ರಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿವೆ, ಒಂದಕ್ಕೂ ಭಿನ್ನಾಭಿಪ್ರಾಯವಿಲ್ಲ. ಗಾಳಿ ಸ್ವಲ್ಪ ಬದಿಗೆ ಸರಿದಿದೆಯೇನೋ ಎಂಬ ಆಸೆಯಿಂದ ಪ್ರತಿ ಸಲ ತಲೆ ಎತ್ತಿದಾಗಲೂ ಅದೇ ಉತ್ತರ. ಹವಾಮಾನದ ಆ್ಯಪ್ ಸುಳ್ಳು ಹೇಳಬಹುದು, ಇವು ಹೇಳುವುದಿಲ್ಲ.

ಒಬ್ಬನೇ ಹೋಗುವುದರ ಬೆಲೆ ಇಂಥಲ್ಲಿ ತಿಳಿಯುತ್ತದೆ. ನಾಲ್ವರಿದ್ದರೆ ಸಾಲಾಗಿ ಹೋಗಬಹುದು. ಮುಂದಿನವನು ಗಾಳಿ ಸೀಳುತ್ತಾನೆ, ಅವನ ಹಿಂದಿನ ಚಕ್ರಕ್ಕೆ ಒಂದು ಮೊಳ ಅಂತರದಲ್ಲಿ ಹೋಗುವವನಿಗೆ ಕಾಲು ಭಾಗಕ್ಕೂ ಮಿಕ್ಕಿ ಶ್ರಮ ಉಳಿಯುತ್ತದೆ, ಐದೈದು ನಿಮಿಷಕ್ಕೊಮ್ಮೆ ಸರದಿ ಬದಲಾಗುತ್ತದೆ. ಒಂಟಿ ಸವಾರನಿಗೆ ಎಲ್ಲ ಸರದಿಯೂ ತನ್ನದೇ. ತೋರಣಗಲ್ಲು, ಗಿಣಿಗೇರ ಕಡೆಯಿಂದ ಉಕ್ಕು ಹೊತ್ತ ಉದ್ದನೆಯ ಲಾರಿಗಳು ಹಿಂದಿನಿಂದ ಬಂದು ಪಕ್ಕದಲ್ಲೇ ದಾಟುವಾಗ ಒಂದು ಕ್ಷಣ ಗಾಳಿ ನಿಂತುಹೋಗುತ್ತಿತ್ತು. ಕಿವಿಗೆ ನಿಶ್ಶಬ್ದ, ಸೈಕಲ್ ತಾನಾಗಿಯೇ ಮುಂದಕ್ಕೆ ಜಾರುತ್ತಿತ್ತು. ಲಾರಿ ದಾಟಿದ ಮರುಕ್ಷಣ ಗಾಳಿ ಬಡ್ಡಿ ಸಮೇತ ಮರಳುತ್ತಿತ್ತು, ಹ್ಯಾಂಡಲ್ ಬಿಗಿಹಿಡಿಯದಿದ್ದರೆ ರಸ್ತೆಯಂಚಿಗೆ ನೂಕುತ್ತಿತ್ತು. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವ ಸಾಹಸಿಗರ ವಿಡಿಯೊಗಳನ್ನು ನೋಡಿದ್ದೇನೆ. ಅವರು ಲಾರಿಯ ಬ್ರೇಕನ್ನು ನನಗಿಂತ ಹೆಚ್ಚು ನಂಬುತ್ತಾರೆ ಎಂದಷ್ಟೇ ಹೇಳಬಲ್ಲೆ.

ದೇಹಕ್ಕಿಂತ ಮೊದಲು ದಣಿಯುವುದು ಕಿವಿ. ಇದನ್ನು ಯಾರೂ ಹೇಳುವುದಿಲ್ಲ. ಗಂಟೆಗಟ್ಟಲೆ ಒಂದೇ ಸಮನೆ ಮೊರೆಯುವ ಸದ್ದು ಯೋಚನೆಗಳನ್ನೆಲ್ಲ ಅಳಿಸುತ್ತದೆ. ಕೊನೆಗೆ ಟವೆಲ್ಲನ್ನು ಕಿವಿ ಮುಚ್ಚುವಂತೆ ಸುತ್ತಿ ಹೆಲ್ಮೆಟ್ ಹಾಕಿಕೊಂಡೆ. ಹಿಂದಿನ ವಾಹನಗಳನ್ನು ಹ್ಯಾಂಡಲ್ಲಿನ ಕನ್ನಡಿ ನೋಡಿಕೊಳ್ಳಲಿ ಎಂದುಕೊಂಡೆ. ಆಮೇಲೆ ವೇಗ ತೋರಿಸುವ ಮೀಟರಿನ ಮೇಲೆ ಪಂಕ್ಚರ್ ಡಬ್ಬಿಯಲ್ಲಿದ್ದ ಟೇಪಿನ ತುಂಡು ಅಂಟಿಸಿದೆ. 9.4, 9.1, 8.8 ಎಂಬ ಅಂಕಿಗಳನ್ನು ನೋಡುತ್ತಾ ಕೂತರೆ ಮನಸ್ಸು ಪ್ರತಿ ನಿಮಿಷಕ್ಕೂ ಹುಬ್ಬಳ್ಳಿಯ ಸಮಯವನ್ನು ತಿದ್ದುತ್ತಿರುತ್ತದೆ. ಎರಡು ಗಂಟೆ ಇದ್ದದ್ದು ನಾಲ್ಕಾಯಿತು, ಆರಾಯಿತು, ರಾತ್ರಿ ಒಂಬತ್ತಾಯಿತು. ಟೇಪು ಅಂಟಿಸಿದ ಮೇಲೆ ಉಳಿದದ್ದು ಕಿಲೋಮೀಟರ್ ಕಲ್ಲುಗಳು ಮಾತ್ರ. ಅವು ಬಂದಾಗ ಬರುತ್ತಿದ್ದವು. ಎರಡು ಕಲ್ಲಿಗೊಂದು ಶೇಂಗಾ ಚಿಕ್ಕಿ, ಪ್ರತಿ ಕಲ್ಲಿಗೆ ಎರಡು ಗುಟುಕು ನೀರು. ಗಾಳಿ ಬೆವರನ್ನು ಅಲ್ಲಲ್ಲೇ ಒಣಗಿಸುವುದರಿಂದ ಮೈ ನೀರು ಕಳೆದುಕೊಳ್ಳುತ್ತಿರುವುದೇ ತಿಳಿಯುವುದಿಲ್ಲ. ತುಟಿ ಸೀಳಿದ ಮೇಲೆ ತಿಳಿಯುತ್ತದೆ.

ಹರ್ಲಾಪುರದ ಹತ್ತಿರ ಹಿಂದಿನ ಚಕ್ರ ಮೆತ್ತಗಾಯಿತು. ಬಳ್ಳಾರಿ ಜಾಲಿಯ ಮುಳ್ಳು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಸ್ತೆಯಂಚಿನಲ್ಲಿ ಟ್ಯೂಬ್ ಬದಲಿಸುವ ಇಪ್ಪತ್ತು ನಿಮಿಷ ಆ ದಿನದ ಅತ್ಯಂತ ಸುಖದ ಸಮಯವಾಗಿತ್ತು ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಲಕ್ಕುಂಡಿಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋದೆ. ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಕಲ್ಲಿನಲ್ಲಿ ಬೆರಳು ತೂರಿಸುವಷ್ಟು ಸೂಕ್ಷ್ಮವಾಗಿ ಬಳ್ಳಿಗಳನ್ನು ಬಿಡಿಸಿದ್ದಾರೆ. ನಾನು ಆ ದಿನ ಮೆಚ್ಚಿಕೊಂಡದ್ದು ಗೋಡೆಯ ದಪ್ಪವನ್ನು. ಗುಡಿಯ ಪೂರ್ವದ ಮಗ್ಗುಲಲ್ಲಿ, ಗಾಳಿಯ ಮರೆಯಲ್ಲಿ, ಬೆನ್ನು ಕೊಟ್ಟು ಕುಳಿತೆ. ಟವೆಲ್ ಬಿಚ್ಚಿದರೂ ಕಿವಿಯಲ್ಲಿ ಸದ್ದು ನಿಲ್ಲಲಿಲ್ಲ. ಕಾವಲುಗಾರ ಬಂದು ಒಳಗೆ ನೋಡುವುದಿಲ್ಲವೇ ಎಂದು ಕೇಳಿದ. ಇನ್ನೊಮ್ಮೆ ಬರುತ್ತೇನೆ ಎಂದೆ. ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದ.

ಗದಗ ತಲುಪಿದಾಗ ಎರಡು ದಾಟಿತ್ತು. ಬೆಳಗಿನ ಲೆಕ್ಕದ ಪ್ರಕಾರ ಹುಬ್ಬಳ್ಳಿಯಲ್ಲಿರಬೇಕಾದ ಹೊತ್ತಿಗೆ ಇನ್ನೂ ಅರ್ಧ ದಾರಿ ಬಾಕಿ. ಖಾನಾವಳಿಯಲ್ಲಿ ಬಿಸಿರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಲೆ, ಗುರೆಳ್ಳು ಚಟ್ನಿ, ಮೊಸರು. ಎಷ್ಟು ರೊಟ್ಟಿ ತಿಂದೆನೆಂದು ಬಡಿಸುವವನಿಗೆ ಗೊತ್ತು. ಊಟ ಮುಗಿಸಿ ಹೊರಬಂದಾಗ ರೈಲು ನಿಲ್ದಾಣದ ದಾರಿ ತೋರಿಸುವ ಫಲಕ ಎದುರಿಗೇ ಇತ್ತು. ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆ ಫಲಕದ ಕೆಳಗೆ ಸಾಕಷ್ಟು ಹೊತ್ತು ನಿಂತಿದ್ದೆ. ಹತ್ತದಿರಲು ನನಗೆ ದೊಡ್ಡ ತತ್ತ್ವವೇನೂ ಇರಲಿಲ್ಲ. ರೈಲು ಹತ್ತಿದರೆ ಮಳೆ ಎಲ್ಲಿ ಶುರುವಾಗುತ್ತದೆ ಎಂಬುದು ಕಿಟಕಿಯಲ್ಲಿ ಕಾಣುತ್ತದೆ, ಮೈಗೆ ತಾಗುವುದಿಲ್ಲ ಎನ್ನಿಸಿತು. ಹುಬ್ಬಳ್ಳಿಯ ಆಸೆ ಬಿಟ್ಟು 22 ಕಿಲೋಮೀಟರ್ ದೂರದ ಅಣ್ಣಿಗೇರಿಗೆ ನಿಂತುಬಿಡುವುದೆಂದು ತೀರ್ಮಾನಿಸಿದೆ. ಗುರಿ ಹತ್ತಿರವಾದದ್ದೇ ತಡ, ಕಾಲಿಗೆ ಹೊಸ ಜೀವ ಬಂತು. ಒಂಟಿ ಪ್ರಯಾಣದ ಸೌಲಭ್ಯವೆಂದರೆ ಇದು, ಯಾರನ್ನೂ ಒಪ್ಪಿಸಬೇಕಾಗಿಲ್ಲ.

ಹುಲಕೋಟಿಯ ನಂತರ ಆಕಾಶ ಕಪ್ಪಾಯಿತು, ಜಿಟಿಜಿಟಿ ಹನಿ ಬಿತ್ತು. ನಾಲ್ಕು ಪಥದ ಹೆದ್ದಾರಿ ಹೊಲಗಳಿಗಿಂತ ಎತ್ತರದಲ್ಲಿ ಹಾದುಹೋಗುತ್ತದೆ, ಗಾಳಿ ತಡೆಯಲು ಬದಿಯಲ್ಲಿ ಮರಗಳಿಲ್ಲ. ಬಲಕ್ಕೆ ಒಂದು ಹಳ್ಳಿಯ ಡಾಂಬರು ರಸ್ತೆ ಕಂಡಿತು, ಎರಡೂ ಬದಿಗೆ ಬೇವಿನ ಮರಗಳು. ಅದು ಸುತ್ತಿಕೊಂಡು ಅಣ್ಣಿಗೇರಿಗೇ ಸೇರುತ್ತದೆ ಎಂದು ಅಲ್ಲಿದ್ದವರು ಹೇಳಿದರು. ಬೇವಿನ ಮರೆಯಲ್ಲಿ ಮೂರು ಕಿಲೋಮೀಟರ್ ಸ್ವರ್ಗ. ಊರ ಕಟ್ಟೆಯ ಮೇಲೆ ಕೆಲವೇ ದಿನಗಳ ಹಿಂದಿನ ಮಣ್ಣೆತ್ತಿನ ಅಮಾವಾಸ್ಯೆಯ ಕರಿಯ ಎತ್ತುಗಳು ಜೋಡಿಜೋಡಿಯಾಗಿ ಕೂತಿದ್ದವು, ಹನಿಗೆ ಕೊಂಬು ಕರಗುತ್ತಿದ್ದವು. ಅದರಾಚೆ ಹಳ್ಳದ ಕಿರುಸೇತುವೆ ಕುಸಿದು ದಾರಿ ಮುಚ್ಚಿತ್ತು. ಪಕ್ಕದ ಬಂಡಿದಾರಿಯಲ್ಲಿ ಎರಡು ಕಿಲೋಮೀಟರ್ ಹೋದರೆ ಮುಂದಿನ ರಸ್ತೆ ಸಿಗುತ್ತದೆ, ಬೈಕುಗಳೆಲ್ಲ ಬೆಳಿಗ್ಗೆ ಹೋಗಿವೆ ಎಂದು ಒಬ್ಬ ಹುಡುಗ ಹೇಳಿದ. ಬೆಳಿಗ್ಗೆ ಮಳೆ ಇರಲಿಲ್ಲ.

ಎರೆಮಣ್ಣಿನ ಬಗ್ಗೆ ಕೇಳಿದ್ದೆ, ಅನುಭವಿಸಿರಲಿಲ್ಲ. ಮೊದಲ ಇನ್ನೂರು ಮೀಟರ್ ಸೈಕಲ್ ಉರುಳಿತು. ಆಮೇಲೆ ಟೈರಿಗೆ ಒಂದು ಪದರ ಅಂಟಿತು, ಆ ಪದರಕ್ಕೆ ಇನ್ನೊಂದು, ಅದಕ್ಕೆ ಹುಲ್ಲಿನ ಕಡ್ಡಿ, ಅದರ ಮೇಲೆ ಮತ್ತೆ ಮಣ್ಣು. ಮಡ್‌ಗಾರ್ಡಿನ ಒಳಗೆ, ಬ್ರೇಕಿನ ಸಂದಿನಲ್ಲಿ, ಕವಲಿನ ನಡುವೆ ಹೂರಣ ತುಂಬಿದಂತೆ ಗಟ್ಟಿಯಾಗಿ ತುಂಬಿಕೊಂಡು ಚಕ್ರ ತಿರುಗುವುದನ್ನೇ ನಿಲ್ಲಿಸಿತು. ತಳ್ಳಿದರೆ ಉರುಳಲಿಲ್ಲ, ಜಾರಿತು. ಟೈರ್ ಬಿಚ್ಚುವ ಪ್ಲಾಸ್ಟಿಕ್ ಸನಿಕೆಯಿಂದ ಕೆರೆದು ತೆಗೆದೆ. ಹತ್ತು ಹೆಜ್ಜೆಗೆ ಮತ್ತೆ ಅಷ್ಟೇ. ಅಲೆನ್ ಕೀಲಿಯಿಂದ ಮುಂದಿನ ಮಡ್‌ಗಾರ್ಡನ್ನು ಬಿಚ್ಚಿ ಹಿಂದೆ ಕಟ್ಟಿದೆ, ಹತ್ತು ಹೆಜ್ಜೆ ಇಪ್ಪತ್ತಾಯಿತು. ಶೂಗಳು ಒಂದೊಂದೂ ಎರಡೆರಡು ಕೆ.ಜಿ. ತೂಗುತ್ತಿದ್ದವು. ಗಾಳಿ ಮಾತ್ರ ಹಾಗೆಯೇ ಇತ್ತು, ಈಗ ಹನಿಗಳನ್ನೂ ಮುಖಕ್ಕೆ ಎರಚುತ್ತಿತ್ತು.

ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ. ಹಿಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹಿಂಗಾರಿನಲ್ಲಿ ಮಳೆ ಕೈಕೊಟ್ಟರೂ ಇಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬರೀ ನೆಲದ ತೇವದ ಮೇಲೆ ಬೆಳೆಯುವುದು ಈ ಹಿಡಿತದಿಂದಲೇ. ಮಧ್ಯಾಹ್ನ ನಾನು ತಿಂದ ರೊಟ್ಟಿ ಇದರದೇ ಫಲ. ಇದೆಲ್ಲ ಆಗಲೂ ನನಗೆ ಗೊತ್ತಿತ್ತು, ಆದರೆ ಬೈಗುಳ ಕಡಿಮೆಯಾಗಲಿಲ್ಲ.

ಅರ್ಧ ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದಿರಬೇಕು. ಹಿಂದಕ್ಕೆ ಹೋಗಲೂ ಅಷ್ಟೇ ಕಷ್ಟ. ಚೀಲಗಳನ್ನು ಬಿಚ್ಚಿ, ಮೊದಲು ಅವನ್ನು ಐವತ್ತು ಮೀಟರ್ ಹೊತ್ತು ಇಟ್ಟು, ಮರಳಿ ಬಂದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹೋಗುವುದು ಎಂಬ ಹೊಸ ಪದ್ಧತಿ ಶುರುಮಾಡಿದ್ದೆ. ಅಷ್ಟರಲ್ಲಿ ಹೆಸರಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ಗುಂಪು ಮಳೆಯಿಂದಾಗಿ ಕೆಲಸ ಬಿಟ್ಟು, ತಲೆಗೆ ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು, ಅದೇ ದಾರಿಗೆ ಬಂತು. ಸೈಕಲ್ ಹೊತ್ತವನನ್ನು ನೋಡಿ ಮೊದಲು ಅವರು ಮಾಡಿದ ಕೆಲಸ ನಗುವುದು. ಸಾಕಷ್ಟು ನಕ್ಕರು. ಆಮೇಲೆ ಅವರಲ್ಲಿ ಹಿರಿಯಳೊಬ್ಬಳು, ಹಸಿ ಎರೆಯಲ್ಲಿ ಎತ್ತನ್ನೇ ಇಳಿಸುವುದಿಲ್ಲ, ಇದನ್ನು ಯಾಕೆ ಇಳಿಸಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಪ್ಪಣೆ ಕೊಡತೊಡಗಿದಳು. ಶೂ ಬಿಚ್ಚು. ದಾರಿ ಬಿಡು. ಹೊಲದ ಬದುವಿನ ಮೇಲೆ ಹತ್ತು.

ಬದುವಿನ ಮೇಲೆ ಕರಿಕೆ ಹುಲ್ಲು ದಟ್ಟವಾಗಿ ಹೆಣೆದುಕೊಂಡಿತ್ತು. ಬೇರು ಮಣ್ಣನ್ನು ಹಿಡಿದಿರುವುದರಿಂದ ಅಲ್ಲಿ ಏನೂ ಅಂಟುವುದಿಲ್ಲ. ಬರಿಗಾಲಿಗೆ ತಂಪಾದ, ಗಟ್ಟಿಯಾದ ನೆಲ. ಒಂದು ಗೇಣು ಅಗಲದ ಆ ಹಸಿರು ಪಟ್ಟಿಯ ಮೇಲೆ ಸೈಕಲ್ ತನ್ನಷ್ಟಕ್ಕೆ ಉರುಳಿತು. ಇಷ್ಟು ಹೊತ್ತೂ ಅದು ನನ್ನಿಂದ ಆರಡಿ ದೂರದಲ್ಲೇ ಇತ್ತು. ನನ್ನ ಎರಡು ಚೀಲಗಳು ಆಗಲೇ ಇಬ್ಬರು ಹೆಂಗಸರ ತಲೆಯ ಮೇಲೇರಿ ಮುಂದೆ ಮುಂದೆ ಹೋಗುತ್ತಿದ್ದವು. ಬೇಡವೆಂದರೆ ಕೇಳುವವರು ಯಾರು? ಎಲ್ಲಿಂದ ಬಂದೆ ಎಂದರು. ರಾಯಚೂರು. ಬಸ್ಸಿಗೆ ದುಡ್ಡಿರಲಿಲ್ಲವೇ ಎಂದರು. ಇತ್ತು. ಹಾಗಾದರೆ ಮನೆಯಲ್ಲಿ ಜಗಳವಾಡಿ ಬಂದಿರಬೇಕು ಎಂದು ಹಿರಿಯಳು ತೀರ್ಪು ಕೊಟ್ಟಳು. ಮಳೆ ನೋಡಲು ಹೊರಟಿದ್ದೇನೆ ಎಂಬ ನಿಜವಾದ ಕಾರಣವನ್ನು ಮಳೆಗಾಗಿ ಕಾಯುವ ಊರಿನವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಜಗಳವನ್ನೇ ಒಪ್ಪಿಕೊಂಡೆ. ಡಾಂಬರು ರಸ್ತೆ ಬಂದಾಗ ಚೀಲ ಇಳಿಸಿ, ಹೆಂಡತಿಗೆ ಫೋನು ಮಾಡು ಎಂದು ಹೇಳಿ ಹೋದರು.

ಅಣ್ಣಿಗೇರಿಯವರೆಗಿನ ಉಳಿದ ದಾರಿ ಹೇಗೆ ಸಾಗಿತೋ ನೆನಪಿಲ್ಲ. ಊರು ಮುಟ್ಟಿದಾಗ ದೀಪ ಹತ್ತಿತ್ತು. ಚೈನಿನ ಮೇಲಿನ ಎರೆ ಗಾಳಿಗೆ ಒಣಗಿ ಇಟ್ಟಿಗೆಯಾಗಿತ್ತು, ಹಿಂದಿನ ಗೇರುಗಳಲ್ಲಿ ಎರಡು ಮಾತ್ರ ಕೆಲಸ ಮಾಡುತ್ತಿದ್ದವು. ಕೋಣೆ ಹುಡುಕುವ ಮೊದಲು ನೀರು ಹುಡುಕಿದೆ. ಟ್ರ್ಯಾಕ್ಟರ್ ತೊಳೆಯುವ ಅಂಗಡಿಯೊಂದು ತೆರೆದಿತ್ತು. ಅದರ ಯಜಮಾನ ಸೈಕಲ್ಲನ್ನು ಸುತ್ತುಹಾಕಿ ನೋಡಿದ. ಟ್ರ್ಯಾಕ್ಟರಿಗೆ ಒಂದು ದರ, ಕಾರಿಗೊಂದು, ಬೈಕಿಗೊಂದು ಎಂದು ಗೋಡೆಯ ಮೇಲೆ ಬರೆದಿತ್ತು. ಸೈಕಲ್ಲಿಗೆ ದರವೇ ಇರಲಿಲ್ಲ. ಪೈಪಿನ ಜೋರನ್ನು ನೇರವಾಗಿ ಚಕ್ರದ ನಡುವಿಗೆ ಹಿಡಿದರೆ ಬೇರಿಂಗಿನ ಗ್ರೀಸ್ ಕಿತ್ತುಹೋಗುತ್ತದೆ ಎಂದು ನಾನು ಹೇಳುವ ಮೊದಲೇ ಅವನು ಜೋರು ತಗ್ಗಿಸಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹಾಯಿಸಿದ. ತೊಳೆದ ಮಣ್ಣು ಟ್ರ್ಯಾಕ್ಟರುಗಳ ಮಣ್ಣಿನ ಜೊತೆ ಒಂದೇ ಕಾಲುವೆಗೆ ಇಳಿಯಿತು.

ನಾಳೆ ಎತ್ತ ಎಂದು ಕೇಳಿದ. ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ ಎಂದೆ. ಪೈಪ್ ನಿಲ್ಲಿಸಿ ನನ್ನ ಮುಖ ನೋಡಿದ. ಆಷಾಢದಲ್ಲಿ ಸೈಕಲ್ ಹೊಡೆಯುವುದಾದರೆ ಹುಬ್ಬಳ್ಳಿಯಿಂದ ಗದಗಿಗೆ ಹೊಡೆಯಬೇಕು, ಪೆಡಲ್ ತುಳಿಯುವ ಕೆಲಸವೇ ಇರುವುದಿಲ್ಲ, ಚಿಕ್ಕವನಿದ್ದಾಗ ತಾನು ಹಾಗೆಯೇ ಹೋಗುತ್ತಿದ್ದೆ ಎಂದ. ಮರಳಿ ಬರುವಾಗ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕುತ್ತಿದ್ದೆ ಎಂದ. ಇಪ್ಪತ್ತು ರೂಪಾಯಿ ತೆಗೆದುಕೊಂಡ.